ಜಪಾನಿನ ಶಾಲೆಗಳಲ್ಲಿ ಕೂದಲು, ಕಾಲುಚೀಲ, ಕಿವಿಯೋಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಬಗ್ಗೆ ಕೇಳುವವರಲ್ಲಿ ಎರಡು ಬಗೆ. ಮಗುವನ್ನು ಜಪಾನಿನ ಸರ್ಕಾರಿ ಶಾಲೆಗೆ ಸೇರಿಸಲು ಹೊರಟ ಕನ್ನಡದ ಅಪ್ಪ-ಅಮ್ಮಂದಿರು ಒಂದು ಕಡೆ. ಊರಲ್ಲಿ ಕೂತು ಸುದ್ದಿ ಓದಿ, "ಕೂದಲಿಗೆ ಬಲವಂತವಾಗಿ ಬಣ್ಣ ಹಚ್ಚಿಸ್ತಾರಂತೆ, ಹೌದಾ?" ಎಂದು ಬೆರಗಾಗುವವರು ಇನ್ನೊಂದು ಕಡೆ. ಇಬ್ಬರ ಪ್ರಶ್ನೆಗಳೂ ಇಲ್ಲಿವೆ. ಟೋಕಿಯೋದ ಭಾರತೀಯ ಶಾಲೆಗಳಿಗೆ, ಅಂತಾರಾಷ್ಟ್ರೀಯ ಶಾಲೆಗಳಿಗೆ ಇಲ್ಲಿ ಬರೆದಿರುವುದು ಅನ್ವಯಿಸುವುದಿಲ್ಲ. ಅಲ್ಲಿನ ರೀತಿ ಬೇರೆ.

ಏನೇನು ನಿಯಮಗಳಿರುತ್ತವೆ?

ಸಮವಸ್ತ್ರ ಇರುವುದು ನಮಗೆ ಹೊಸದಲ್ಲ, ಅದನ್ನು ಬಿಡೋಣ. ಉಳಿದದ್ದನ್ನು ನೋಡಿ. ಕೂದಲಿಗೆ ಬಣ್ಣ ಹಚ್ಚುವಂತಿಲ್ಲ, ಗುಂಗುರು ಮಾಡಿಸುವಂತಿಲ್ಲ. ಹುಡುಗರ ಕೂದಲು ಹುಬ್ಬಿಗೆ, ಕಿವಿಗೆ, ಕಾಲರಿಗೆ ತಾಗಬಾರದು. ಹುಡುಗಿಯರ ಕೂದಲು ಭುಜ ಮುಟ್ಟಿದರೆ ಕಟ್ಟಬೇಕು. ಕಟ್ಟುವ ರಬ್ಬರ್ ಬ್ಯಾಂಡು ಕಪ್ಪು, ಕಡುನೀಲಿ ಅಥವಾ ಕಂದು ಬಣ್ಣದ್ದೇ ಆಗಬೇಕು. ಸ್ಕರ್ಟ್ ಮೊಣಕಾಲು ಮುಚ್ಚಬೇಕು. ಕಾಲುಚೀಲ ಬಿಳಿಯದು, ಇಂತಿಷ್ಟೇ ಉದ್ದದ್ದು. ಹುಬ್ಬು ತೀಡಿಸಬಾರದು. ಮೇಕಪ್, ಉಗುರು ಬಣ್ಣ, ಕಿವಿ ಚುಚ್ಚಿಸುವುದು ನಿಷಿದ್ಧ. ಎಷ್ಟೇ ಚಳಿಯಿದ್ದರೂ ಕಟ್ಟಡದೊಳಗೆ ಕೋಟು, ಮಫ್ಲರ್ ಹಾಕಿಕೊಳ್ಳಬಾರದು ಎನ್ನುವ ಶಾಲೆಗಳಿವೆ. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನನ್ನೂ ಮೇಕಪ್ ಎಂದೇ ಲೆಕ್ಕ ಹಿಡಿದ ಶಾಲೆಗಳಿದ್ದವು. ಬೇಸಿಗೆ ಯೂನಿಫಾರಂಗೆ ಜೂನ್ 1, ಚಳಿಗಾಲದ್ದಕ್ಕೆ ಅಕ್ಟೋಬರ್ 1 ಎನ್ನುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಹವಾಮಾನಕ್ಕೆ ಈ ತಾರೀಖುಗಳು ಗೊತ್ತಿಲ್ಲದಿರುವುದರಿಂದ ಈಗೀಗ ಹಲವು ಶಾಲೆಗಳು ಸಡಿಲ ಬಿಟ್ಟಿವೆ.

ಇವೆಲ್ಲ ಒಂದೇ ಶಾಲೆಯಲ್ಲಿ ಇರುತ್ತವೆ ಎಂದಲ್ಲ. ಆದರೆ ಇವುಗಳಲ್ಲಿ ಅರ್ಧದಷ್ಟಾದರೂ ಇರುವ ಮಿಡ್ಲ್ ಸ್ಕೂಲು ಅಪರೂಪವೇನಲ್ಲ.

ಒಂದನೇ ಕ್ಲಾಸಿನಿಂದಲೇ ಹೀಗಾ?

ಇಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುತೇಕ ಕಡೆ ಸಮವಸ್ತ್ರವೇ ಇಲ್ಲ. ಬೆನ್ನಿಗೊಂದು ರಾಂದೊಸೆರು ಎನ್ನುವ ಗಟ್ಟಿ ಚರ್ಮದ ಚೀಲ, ಶಾಲೆಯ ಕಟ್ಟಡದೊಳಗೆ ಹಾಕಿಕೊಳ್ಳುವ ಬಿಳಿ ಬೂಟು, ಆಟಕ್ಕೊಂದು ಜೊತೆ ಬಟ್ಟೆ, ಅಷ್ಟೇ. ಮಗು ಬಣ್ಣಬಣ್ಣದ ಟೀಶರ್ಟು ಹಾಕಿಕೊಂಡು ಆರು ವರ್ಷ ಹಾಯಾಗಿ ಓಡಾಡುತ್ತದೆ. ಏಳನೇ ತರಗತಿಗೆ, ಅಂದರೆ ಮಿಡ್ಲ್ ಸ್ಕೂಲಿಗೆ ಕಾಲಿಟ್ಟ ಏಪ್ರಿಲ್ ತಿಂಗಳಲ್ಲಿ ಎಲ್ಲವೂ ಒಮ್ಮೆಗೇ ಬದಲಾಗುತ್ತದೆ. ಅಲ್ಲಿಯವರೆಗೆ ಜಪಾನಿನ ಶಾಲೆ ಎಷ್ಟು ಚೆನ್ನಾಗಿದೆ ಎಂದು ಊರಿಗೆ ಫೋನು ಮಾಡಿ ಹೇಳುತ್ತಿದ್ದವರು ಕೂಡ ಆ ತಿಂಗಳು ಸ್ವಲ್ಪ ಸುಮ್ಮನಾಗುತ್ತಾರೆ. ಏಳರಿಂದ ಒಂಬತ್ತು ಮಿಡ್ಲ್ ಸ್ಕೂಲು, ಹತ್ತರಿಂದ ಹನ್ನೆರಡು ಹೈಸ್ಕೂಲು. ಕಡ್ಡಾಯ ಶಿಕ್ಷಣ ಒಂಬತ್ತಕ್ಕೇ ಮುಗಿದರೂ ಹೈಸ್ಕೂಲಿಗೆ ಹೋಗದ ಮಕ್ಕಳು ಇಲ್ಲವೆನ್ನುವಷ್ಟು ಕಡಿಮೆ.

ಈ ನಿಯಮ ಮಾಡುವವರು ಯಾರು? ಸರ್ಕಾರದ ಕಾನೂನಾ?

ಕಾನೂನಲ್ಲ. ಮಕ್ಕಳ ಕೂದಲು ಹೀಗಿರಬೇಕು ಎಂದು ಜಪಾನಿನ ಯಾವ ಶಾಸನವೂ ಹೇಳುವುದಿಲ್ಲ. ಇವನ್ನು ಕೋಸೊಕು ಎನ್ನುತ್ತಾರೆ. ಮಾಡುವುದು ಆಯಾ ಶಾಲೆ, ಕೊನೆಯ ಮಾತು ಮುಖ್ಯೋಪಾಧ್ಯಾಯರದು. ಮಕ್ಕಳಿಗೆ ಕೊಡುವ ಕೈಪುಸ್ತಕದಲ್ಲಿ ಅಚ್ಚಾಗಿರುತ್ತವೆ. ಅದರಲ್ಲಿ ಅಚ್ಚಾಗದ, ಬಾಯಿಂದ ಬಾಯಿಗೆ ಬಂದ ನಿಯಮಗಳೂ ಇರುತ್ತವೆ, ತೊಂದರೆ ಹೆಚ್ಚಾಗಿ ಅವುಗಳಿಂದಲೇ. ಒಂದೇ ಬೀದಿಯ ಎರಡು ಶಾಲೆಗಳಲ್ಲಿ ಬೇರೆ ಬೇರೆ ನಿಯಮ ಇರುವುದು ಇದಕ್ಕೇ. "ಜಪಾನಿನಲ್ಲಿ ಹೀಗಂತೆ" ಎಂದು ಯಾರಾದರೂ ಹೇಳಿದರೆ "ಯಾವ ಶಾಲೆಯಲ್ಲಿ?" ಎಂದು ಕೇಳಿ.

ಹುಟ್ಟಿನಿಂದ ಕಂದು ಕೂದಲಿದ್ದ ಹುಡುಗಿಗೆ ಕಪ್ಪು ಬಣ್ಣ ಹಚ್ಚಿಸಿದ ಕತೆ ನಿಜವೇ?

ಒಸಾಕಾ ಪ್ರಾಂತ್ಯದ ಹಬಿಕಿನೊ ನಗರದ ಒಂದು ಸರ್ಕಾರಿ ಹೈಸ್ಕೂಲಿನದು. 2015ರಲ್ಲಿ ಸೇರಿದ ವಿದ್ಯಾರ್ಥಿನಿ 2017ರಲ್ಲಿ ಪ್ರಾಂತ್ಯದ ಮೇಲೆ ಮೊಕದ್ದಮೆ ಹೂಡಿ ಸುಮಾರು 22 ಲಕ್ಷ ಯೆನ್ ಪರಿಹಾರ ಕೇಳಿದಳು. ತನ್ನ ಕೂದಲು ಹುಟ್ಟಿನಿಂದಲೇ ಕಂದು, ಆದರೂ ಮತ್ತೆ ಮತ್ತೆ ಕಪ್ಪು ಬಣ್ಣ ಹಚ್ಚಿಸಿಕೊಂಡು ಬಾ ಎಂದು ಒತ್ತಾಯಿಸಿದರು, ನೆತ್ತಿಯ ಚರ್ಮ ಕೆಟ್ಟಿತು, ಶಾಲೆಯ ಪ್ರವಾಸಕ್ಕೂ ಬಿಡಲಿಲ್ಲ ಎನ್ನುವುದು ಅವಳ ದೂರು. 2016ರ ಸೆಪ್ಟೆಂಬರ್ ಹೊತ್ತಿಗೆ ಅವಳು ಶಾಲೆಗೆ ಹೋಗುವುದನ್ನೇ ನಿಲ್ಲಿಸಿದಳು. ಮುಂದಿನ ವರ್ಷ ಹೆಸರನ್ನು ತರಗತಿಯ ಪಟ್ಟಿಯಿಂದ ತೆಗೆದರು, ಮೇಜನ್ನೂ ತೆಗೆದರು.

ಸುದ್ದಿ ಜಗತ್ತೆಲ್ಲ ಹರಡಿತು. ತೀರ್ಪು ಬಂದಾಗ ಅಷ್ಟು ಹರಡಲಿಲ್ಲ, ಹಾಗಾಗಿ ಬಹಳ ಜನ ಅದನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. 2021ರ ಫೆಬ್ರವರಿಯಲ್ಲಿ ಒಸಾಕಾ ಜಿಲ್ಲಾ ನ್ಯಾಯಾಲಯ ಅವಳಿಗೆ 3,30,000 ಯೆನ್ ಕೊಡಿಸಿತು. ಅದು ಕೂದಲಿಗಲ್ಲ. ಹೆಸರು ಅಳಿಸಿ ಮೇಜು ಎತ್ತಿಸಿದ್ದು ತಪ್ಪು ಎಂಬ ಕಾರಣಕ್ಕೆ. ಬಣ್ಣ ಹಚ್ಚಬಾರದು ಎನ್ನುವ ನಿಯಮಕ್ಕೆ ಶಿಕ್ಷಣದ ಉದ್ದೇಶವಿದೆ, ಅದು ಶಾಲೆಯ ವಿವೇಚನೆಗೆ ಬಿಟ್ಟದ್ದು ಎಂದಿತು. ಕೂದಲ ಬುಡ ಕಪ್ಪಗಿತ್ತು ಎಂದು ಶಿಕ್ಷಕರು ನೋಡಿ ಖಾತ್ರಿ ಮಾಡಿಕೊಂಡಿದ್ದರು ಎನ್ನುವ ಶಾಲೆಯ ವಾದವನ್ನೂ ಒಪ್ಪಿತು. ಮೇಲಿನ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು, 2022ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅವಳಿಗೆ ಬೇರೆ ಫಲ ಸಿಗಲಿಲ್ಲ.

ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುಳು ಅವಳ ಕೂದಲು ಕಪ್ಪೋ ಕಂದೋ ಎನ್ನುವುದಲ್ಲ. ಒಂದು ಮಗುವಿನ ಕೂದಲ ಬುಡವನ್ನು ಶಿಕ್ಷಕರು ಬಗೆದು ನೋಡಿ, ಇವಳ ನಿಜವಾದ ಬಣ್ಣ ಯಾವುದು ಎಂದು ತೀರ್ಮಾನಿಸುವ ಅಧಿಕಾರ ಅಲ್ಲಿ ಎಲ್ಲರಿಗೂ ಸಹಜವಾಗಿ ಕಂಡಿತ್ತಲ್ಲ, ಅದು. ಬಣ್ಣ ಹಚ್ಚಬೇಡ ಎನ್ನುವುದು ನಡವಳಿಕೆಯ ಮೇಲಿನ ನಿಯಮ. ಕಪ್ಪಗಿರು ಎನ್ನುವುದು ದೇಹದ ಮೇಲಿನ ನಿಯಮ. ಮೊದಲನೆಯದರಿಂದ ಎರಡನೆಯದಕ್ಕೆ ಜಾರಿದ್ದು ಯಾರಿಗೂ ಗೊತ್ತಾಗಲೇ ಇಲ್ಲ, ಏಕೆಂದರೆ ಹೆಚ್ಚಿನವರ ಕೂದಲು ಹೇಗೂ ಕಪ್ಪೇ.

ಕೂದಲಿಗೆ ಸರ್ಟಿಫಿಕೇಟ್ ಕೊಡಬೇಕಂತೆ?

ಹೌದು, ಹಾಗೊಂದಿದೆ. "ನನ್ನ ಮಗುವಿನ ಕೂದಲಿನ ಬಣ್ಣ, ಸುರುಳಿ ಹುಟ್ಟಿನಿಂದ ಬಂದದ್ದು" ಎಂದು ಅಪ್ಪ-ಅಮ್ಮ ಸಹಿ ಹಾಕಿ, ಮುದ್ರೆ ಒತ್ತಿ ಕೊಡುವ ಕಾಗದ. ಮಗು ಚಿಕ್ಕದಿದ್ದಾಗಿನ ಫೋಟೋ ಕೇಳಿದ ಶಾಲೆಗಳೂ ಇವೆ. 2017ರಲ್ಲಿ ಅಸಾಹಿ ಪತ್ರಿಕೆ ವಿಚಾರಿಸಿದಾಗ ಟೋಕಿಯೋ ಮಹಾನಗರದ ಸರ್ಕಾರಿ ಹೈಸ್ಕೂಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗಳು ಇಂಥ ಕಾಗದ ಕೇಳುತ್ತಿದ್ದವು. ತಪ್ಪಾಗಿ ಬೈಯಬಾರದು ಎಂದೇ ಈ ಏರ್ಪಾಡು, ಮಗುವಿನ ಹಿತಕ್ಕೇ ಎಂದು ಶಾಲೆಗಳು ಹೇಳುತ್ತಿದ್ದವು. ಅದರಲ್ಲಿ ಪ್ರಾಮಾಣಿಕತೆ ಇಲ್ಲವೆಂದಲ್ಲ. ಆದರೆ ಕಾಗದ ಕೊಡಬೇಕಾದವರು ಯಾವಾಗಲೂ ಕಂದು, ಗುಂಗುರು ಕೂದಲಿನವರೇ. ನೆಟ್ಟಗಿನ ಕಪ್ಪು ಕೂದಲಿನವರು ಯಾರಿಗೂ ಏನನ್ನೂ ರುಜುವಾತು ಮಾಡಬೇಕಾಗಿರಲಿಲ್ಲ.

ನಮ್ಮ ಮಗಳದು ಗುಂಗುರು ಕೂದಲು. ನೆಟ್ಟಗೆ ಮಾಡಿಸಬೇಕಾ?

ಬೇಡ. ಸೇರಿಸುವಾಗಲೇ ಕ್ಲಾಸ್ ಟೀಚರಿಗೆ ಹೇಳಿಡಿ. ಭಾರತದವರು ಎಂದು ಕಂಡೊಡನೆ ಹೆಚ್ಚಿನವರು ಕೇಳಲೂ ಹೋಗುವುದಿಲ್ಲ. ತಮಾಷೆಯೆಂದರೆ ಗುಂಗುರು ಮಾಡಿಸುವುದನ್ನು ನಿಷೇಧಿಸುವ ಶಾಲೆಗಳೇ ಗುಂಗುರು ಕೂದಲನ್ನು ನೆಟ್ಟಗೆ ಮಾಡಿಸಿಕೊಂಡು ಬಂದರೆ ಕಣ್ಣುಮುಚ್ಚಿಕೊಳ್ಳುವುದುಂಟು. ರಾಸಾಯನಿಕ ಅದೇ, ದಿಕ್ಕು ಬೇರೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ? ಸೈನ್ಯದ ಕಾಲದಿಂದ ಬಂದದ್ದಾ?

ಬಟ್ಟೆ ಹಾಗೆ ಬಂದದ್ದು. ಹುಡುಗರ ಕಪ್ಪು, ನಿಂತ ಕಾಲರಿನ ಗಕುರಾನ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಸೈನಿಕರ ಉಡುಪಿನ ಮಾದರಿಯಲ್ಲಿ ಬಂತು. ಹುಡುಗಿಯರ ನಾವಿಕ ಕಾಲರಿನ ಉಡುಪು 1920ರ ಸುಮಾರಿಗೆ ಕ್ಯೋಟೋ, ಫುಕುವೊಕಾದ ಮಿಷನ್ ಶಾಲೆಗಳಿಂದ ಶುರುವಾಯಿತು. ಆದರೆ ಕಾಲುಚೀಲದ ಉದ್ದ ಅಳೆಯುವ ಚಾಳಿ ಅಷ್ಟು ಹಳೆಯದಲ್ಲ. ಅದು ಬಹುಮಟ್ಟಿಗೆ 1970ರ ದಶಕದ ಕೊನೆ ಮತ್ತು 80ರ ದಶಕದ್ದು.

ಆ ಕಾಲದಲ್ಲಿ ಮಿಡ್ಲ್ ಸ್ಕೂಲುಗಳಲ್ಲಿ ಗಾಜು ಒಡೆಯುವುದು, ಶಿಕ್ಷಕರ ಮೇಲೆ ಕೈಮಾಡುವುದು ದೇಶಕ್ಕೇ ತಲೆನೋವಾಗಿತ್ತು. ಪುಂಡ ಹುಡುಗರಿಗೆ ಅವರದೇ ಆದ ವೇಷವಿತ್ತು: ಮುಂದಕ್ಕೆ ಉಬ್ಬಿಸಿದ ಗುಂಗುರು ಕ್ರಾಪು, ಗಿಡ್ಡ ಮಾಡಿಸಿದ ಇಲ್ಲವೇ ಮೊಣಕಾಲವರೆಗೆ ಇಳಿಸಿದ ಕೋಟು, ಜೋಲು ಪ್ಯಾಂಟು. ಪುಂಡಿಯರು ಸ್ಕರ್ಟನ್ನು ಪಾದದವರೆಗೆ ಇಳಿಬಿಡುತ್ತಿದ್ದರು. ಆಗ ಶಾಲೆಗಳಿಗೆ ಒಂದು ಸಿದ್ಧಾಂತ ಹೊಳೆಯಿತು: ಬಟ್ಟೆ ಕೆಡುವುದು ಮನಸ್ಸು ಕೆಡುವುದರ ಮೊದಲ ಲಕ್ಷಣ, ಅದನ್ನು ಅಲ್ಲೇ ಹಿಡಿದರೆ ಮುಂದಿನದು ತಪ್ಪುತ್ತದೆ. ಗೇಟಿನಲ್ಲಿ ಶಿಕ್ಷಕರು ನಿಂತರು. ವ್ಯಾಯಾಮದ ಹಾಲಿನಲ್ಲಿ ಸಾಲು ನಿಲ್ಲಿಸಿ ಕೂದಲು, ಉಗುರು, ಸ್ಕರ್ಟು ನೋಡುವ ತಪಾಸಣೆಗಳು ಬಂದವು.

ಅಂದಿನ ನಿಯಮ "ಸ್ಕರ್ಟು ತೀರ ಉದ್ದವಿರಬಾರದು" ಎಂದು. 1990ರ ದಶಕದಲ್ಲಿ ಹುಡುಗಿಯರು ಸೊಂಟದಲ್ಲಿ ಮಡಚಿ ಮಡಚಿ ಸ್ಕರ್ಟು ಗಿಡ್ಡ ಮಾಡಿಕೊಂಡು, ಜೋಲು ಕಾಲುಚೀಲ ಹಾಕಿಕೊಂಡು, ಕೂದಲು ಕಂದು ಮಾಡಿಕೊಂಡು ಬಂದರು. ನಿಯಮ "ತೀರ ಗಿಡ್ಡವಿರಬಾರದು" ಎಂದಾಯಿತು. ಶಾಲೆ ಎಂದೂ ಒಂದು ನಿರ್ದಿಷ್ಟ ಉದ್ದವನ್ನು ಪ್ರೀತಿಸಿದ್ದಲ್ಲ. ಮಕ್ಕಳು ಅತ್ತ ಎಳೆದರೆ ಇದು ಇತ್ತ ಎಳೆಯುತ್ತಿತ್ತು.

ಈ ಅತಿರೇಕ ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಜಪಾನಿನವರು ಇವತ್ತಿಗೂ ಹೇಳುವುದು ಕೋಬೆ ನಗರದ ಘಟನೆಯನ್ನು. 1990ರ ಜುಲೈ 6ರ ಬೆಳಗ್ಗೆ, ತಡವಾಗಿ ಬಂದವರನ್ನು ಹೊರಗಿಡಲು ಒಬ್ಬ ಶಿಕ್ಷಕ ಭಾರಿ ಕಬ್ಬಿಣದ ಗೇಟನ್ನು ತಳ್ಳಿ ಮುಚ್ಚಿದ. ಒಳಗೆ ನುಗ್ಗುತ್ತಿದ್ದ 15 ವರ್ಷದ ಹುಡುಗಿ ನಡುವೆ ಸಿಕ್ಕಿ ಸತ್ತಳು. ಅದು ವೇಷಭೂಷಣದ ನಿಯಮವಲ್ಲ, ಹೊತ್ತಿನ ನಿಯಮ. ಆದರೂ ಆಮೇಲೆ ಎಲ್ಲ ನಿಯಮಗಳ ಬಗ್ಗೆಯೂ ಪ್ರಶ್ನೆ ಎದ್ದಿತು, ಸ್ವಲ್ಪ ಕಾಲ ಶಾಲೆಗಳು ಮೆತ್ತಗಾದವು.

ಇನ್ನೊಂದು ಕಾರಣ ಅಷ್ಟಾಗಿ ಮಾತಿಗೆ ಬರುವುದಿಲ್ಲ: ಉದ್ಯೋಗ. ಹೈಸ್ಕೂಲು ಮುಗಿಸಿ ನೇರ ಕೆಲಸಕ್ಕೆ ಹೋಗುವ ಮಕ್ಕಳನ್ನು ಅಲ್ಲಿ ಶಾಲೆಯೇ ಕಂಪನಿಗೆ ಶಿಫಾರಸು ಮಾಡಿ ಕಳಿಸುತ್ತದೆ. ಈ ವರ್ಷದ ಹುಡುಗನ ಕೂದಲು ಕಂಪನಿಗೆ ಹಿಡಿಸದಿದ್ದರೆ ಮುಂದಿನ ವರ್ಷದ ಹುಡುಗನಿಗೆ ಬಾಗಿಲು ಮುಚ್ಚೀತು ಎಂಬ ಅಂಜಿಕೆ. ಅಕ್ಕಪಕ್ಕದ ನಿವಾಸಿಗಳೂ "ನಿಮ್ಮ ಶಾಲೆಯ ಮಕ್ಕಳು ಹೇಗಿದ್ದಾರೆ ನೋಡಿ" ಎಂದು ಫೋನು ಮಾಡುತ್ತಾರೆ. ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಸಾಲುಸಾಲಾಗಿ ಕಳಿಸುವ ಹೆಸರಾಂತ ಶಾಲೆಗಳು ಹಲವು ಬಾರಿ ಸಡಿಲ. ಟೋಕಿಯೋದ ಅಜಾಬು ಎಂಬ ಖಾಸಗಿ ಹುಡುಗರ ಶಾಲೆಯಲ್ಲಿ ಕಡ್ಡಾಯ ಸಮವಸ್ತ್ರವೇ ಇಲ್ಲ. ಬಿಗಿ ಹೆಚ್ಚಿರುವುದು ಹೆಸರು ಗಳಿಸಲು ಹೆಣಗುವ ಶಾಲೆಗಳಲ್ಲಿ.

ಹುಡುಗರ ತಲೆ ಬೋಳಿಸುತ್ತಿದ್ದರಂತೆ?

ನುಣ್ಣಗೆ ಬೋಳಿಸುವುದಲ್ಲ, ಮಷಿನ್ ಕಟ್. ಅನೇಕ ಪ್ರಾಂತ್ಯಗಳ ಸರ್ಕಾರಿ ಮಿಡ್ಲ್ ಸ್ಕೂಲುಗಳಲ್ಲಿ ಅದು ಕಡ್ಡಾಯವಾಗಿತ್ತು. ಕುಮಾಮೊಟೊದ ಒಬ್ಬ ಹುಡುಗ ಒಪ್ಪದೆ ಕೋರ್ಟಿಗೆ ಹೋದ. 1985ರಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಲಯ, ನಿಯಮ ಎದ್ದುಕಾಣುವಷ್ಟು ಅಸಮಂಜಸವಾಗಿದೆ ಎನ್ನಲಾಗದು ಎಂದು ಹೇಳಿ ಅವನನ್ನು ಸೋಲಿಸಿತು. ಕೋರ್ಟಿನಲ್ಲಿ ಗೆದ್ದ ನಿಯಮ ಊರಿನಲ್ಲಿ ಸೋತಿತು: 90ರ ದಶಕದಲ್ಲಿ ಒಂದೊಂದೇ ಶಾಲೆ ಅದನ್ನು ಕೈಬಿಟ್ಟಿತು.

ಬೇಸ್‌ಬಾಲ್ ತಂಡಗಳಲ್ಲಿ ಮಾತ್ರ ಇದು ಬಹಳ ಕಾಲ ಉಳಿಯಿತು. ಅಲ್ಲಿನ ಹೈಸ್ಕೂಲು ಬೇಸ್‌ಬಾಲ್ ಒಕ್ಕೂಟದ ಸಮೀಕ್ಷೆಯಂತೆ 2018ರಲ್ಲಿ ಶೇ 76.8ರಷ್ಟು ತಂಡಗಳಲ್ಲಿ ಆಟಗಾರರಿಗೆ ಈ ಮಷಿನ್ ಕಟ್ ನಿಯಮವಿತ್ತು. 2023ರಲ್ಲಿ ಶೇ 26.4 ಮಾತ್ರ. ಅದೇ 2023ರ ಬೇಸಿಗೆಯಲ್ಲಿ ಕೋಶಿಯೆನ್ ಮೈದಾನದ ರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದದ್ದು ಕೇಯೋ ಹೈಸ್ಕೂಲು. ಅವರ ಹುಡುಗರು ಟೋಪಿ ತೆಗೆದರೆ ಹಣೆಯ ಮೇಲೆ ಕೂದಲು ಬೀಳುತ್ತಿತ್ತು. ಐದೇ ವರ್ಷದಲ್ಲಿ ಇಷ್ಟು ಬದಲಾದ ಸಂಗತಿ ಆ ದೇಶದಲ್ಲಿ ಹೆಚ್ಚಿಲ್ಲ.

ಒಳಉಡುಪಿನ ಬಣ್ಣಕ್ಕೂ ನಿಯಮವಿದೆ ಎಂದು ಓದಿದೆ. ನಂಬಲಾಗಲಿಲ್ಲ.

ನಂಬಿ. ಬಿಳಿಯದೇ ಹಾಕಬೇಕು ಎಂದು ಬರೆದಿಟ್ಟ ಶಾಲೆಗಳಿದ್ದವು. ಕೊಡುತ್ತಿದ್ದ ಕಾರಣ, ಬೇಸಿಗೆಯ ತೆಳು ಅಂಗಿಯೊಳಗಿಂದ ಬಣ್ಣ ಕಾಣುತ್ತದೆ ಎಂದು. ನಿಯಮ ಎಂದ ಮೇಲೆ ನೋಡುವವರೂ ಬೇಕಲ್ಲ! ಆಟದ ಬಟ್ಟೆ ಬದಲಿಸುವಾಗ ಶಿಕ್ಷಕರು ಪರೀಕ್ಷಿಸಿದ ದೂರುಗಳು ಬಂದವು. ನಾಗಸಾಕಿ ಪ್ರಾಂತ್ಯ 2021ರಲ್ಲಿ ತನ್ನ ಮಿಡ್ಲ್ ಸ್ಕೂಲು, ಹೈಸ್ಕೂಲುಗಳನ್ನು ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಕಡೆ ಬಿಳಿ ಒಳಉಡುಪಿನ ನಿಯಮ ಸಿಕ್ಕಿತು. ಪರಿಶೀಲಿಸಿ ಸರಿಪಡಿಸಿ ಎಂದು ಶಿಕ್ಷಣ ಮಂಡಳಿ ಶಾಲೆಗಳಿಗೆ ಹೇಳಿತು. ಇದರಲ್ಲಿ ಎರಡೂ ಕಡೆಯ ವಾದ ತೂಗಿ ನೋಡುವಂಥದ್ದು ಏನೂ ನನಗೆ ಕಾಣಿಸುವುದಿಲ್ಲ.

ಟೂ ಬ್ಲಾಕ್ ಕಟಿಂಗ್ ಎಂದರೇನು? ಅದನ್ನು ಯಾಕೆ ನಿಷೇಧಿಸಿದ್ದರು?

ಪಕ್ಕದಲ್ಲಿ, ಹಿಂದೆ ಮಷಿನ್ ಹಾಕಿಸಿ ಮೇಲೆ ಉದ್ದ ಬಿಡುವುದು. ನಮ್ಮ ಯಾವ ಕಟಿಂಗ್ ಶಾಪಿಗೆ ಹೋದರೂ ಹುಡುಗರು ಮಾಡಿಸಿಕೊಂಡು ಬರುವುದು ಇದನ್ನೇ. 2020ರಲ್ಲಿ ಟೋಕಿಯೋ ಮಹಾನಗರ ಸಭೆಯಲ್ಲಿ ಸದಸ್ಯರೊಬ್ಬರು ಇದಕ್ಕೆ ಯಾಕೆ ನಿಷೇಧ ಎಂದು ಕೇಳಿದರು. ಇಂಥ ತಲೆಯಿಂದಾಗಿ ಮಕ್ಕಳು ಅಪರಾಧ, ಅವಘಡಗಳಿಗೆ ಸಿಲುಕುವ ಸಂಭವವಿದೆ ಎಂಬರ್ಥದ ಉತ್ತರ ಶಿಕ್ಷಣ ಮುಖ್ಯಸ್ಥರಿಂದ ಬಂತು. ಉತ್ತರದ ವಿಡಿಯೋ ಹರಡಿ ಇಡೀ ದೇಶ ನಕ್ಕಿತು. ಎಷ್ಟೋ ಗಂಭೀರ ಲೇಖನಗಳು ಮಾಡಲಾಗದ ಕೆಲಸವನ್ನು ಆ ನಗು ಮಾಡಿತು ಎಂದು ನನ್ನ ಅನಿಸಿಕೆ.

ತಂದೆ ಅಥವಾ ತಾಯಿ ಬೇರೆ ದೇಶದವರಾದ ಮಕ್ಕಳ ಗತಿ?

ಕಷ್ಟ ಹೆಚ್ಚು ಅವರಿಗೇ. 2023ರ ಆರಂಭದಲ್ಲಿ ಹ್ಯೋಗೊ ಪ್ರಾಂತ್ಯದ ಹಿಮೇಜಿಯಲ್ಲಿ, ಆಫ್ರಿಕನ್ ಅಮೆರಿಕನ್ ತಂದೆಯ ಮಗನೊಬ್ಬ ಹೈಸ್ಕೂಲಿನ ಬೀಳ್ಕೊಡುಗೆ ಸಮಾರಂಭಕ್ಕೆ ಕಾರ್ನ್‌ರೋ ಹೆಣೆಸಿಕೊಂಡು ಬಂದ. ಕೂದಲನ್ನು ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಪದ್ಧತಿ ಅದು; ಆ ಬಗೆಯ ಕೂದಲನ್ನು ಅಚ್ಚುಕಟ್ಟಾಗಿ ಇಡಲು ಇರುವ ದಾರಿಯೇ ಅಂಥದ್ದು, ಜೊತೆಗೆ ಅಪ್ಪನ ಕಡೆಯ ಪರಂಪರೆ. ನಿಯಮಕ್ಕೆ ಹೊಂದುವುದಿಲ್ಲ ಎಂದು ಶಾಲೆ ಅವನನ್ನು ಸಹಪಾಠಿಗಳ ಜೊತೆ ಕೂರಿಸದೆ ಮಹಡಿಯಲ್ಲಿ ಬೇರೆ ಕೂರಿಸಿತು. ಅಚ್ಚುಕಟ್ಟಾಗಿರಲಿ ಎಂದು ನಿಯಮ ಮಾಡಿ, ಅಚ್ಚುಕಟ್ಟಾಗಿ ಬಂದವನನ್ನು ಹೊರಗಿಟ್ಟ ಹಾಗಾಯಿತು.

ನಿಯಮ ಮುರಿದರೆ ಏನು ಶಿಕ್ಷೆ? ಹೊಡೆಯುತ್ತಾರಾ?

ಹೊಡೆಯುವಂತಿಲ್ಲ; ಶಾಲಾ ಶಿಕ್ಷಣ ಕಾಯ್ದೆಯ 11ನೇ ವಿಧಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಸಾಮಾನ್ಯವಾಗಿ ಶಿಸ್ತಿನ ಶಿಕ್ಷಕರ ಕೋಣೆಗೆ ಕರೆಸುತ್ತಾರೆ, ತಪ್ಪೊಪ್ಪಿಗೆಯ ಬರಹ ಬರೆಸುತ್ತಾರೆ, ಸರಿಪಡಿಸಿಕೊಂಡು ಬಾ ಎಂದು ಮನೆಗೆ ಕಳಿಸುತ್ತಾರೆ, ಮನೆಗೆ ಫೋನು ಬರುತ್ತದೆ. ಕಡ್ಡಾಯ ಶಿಕ್ಷಣದ ವಯಸ್ಸಿನ ಮಕ್ಕಳನ್ನು ಶಿಕ್ಷೆಯೆಂದು ಅಮಾನತು ಮಾಡುವಂತಿಲ್ಲ, ಸರ್ಕಾರಿ ಮಿಡ್ಲ್ ಸ್ಕೂಲಿನಿಂದ ಹೊರಹಾಕುವಂತೆಯೂ ಇಲ್ಲ. ಹೈಸ್ಕೂಲಿನಲ್ಲಿ ಎರಡೂ ಸಾಧ್ಯ, ಮತ್ತು "ನೀವಾಗಿಯೇ ಬಿಟ್ಟುಹೋಗಿ" ಎಂದು ಒತ್ತಾಯಿಸುವುದೂ ಇದೆ. ಗುಂಗುರು ಮಾಡಿಸಿದ್ದು, ಹೇಳದೆ ಡ್ರೈವಿಂಗ್ ಲೈಸೆನ್ಸ್ ಪಡೆದದ್ದು ಸೇರಿ ಒಬ್ಬ ಹುಡುಗಿಯನ್ನು ಟೋಕಿಯೋದ ಖಾಸಗಿ ಶಾಲೆಯೊಂದು ಹೀಗೆ ಬಿಡಿಸಿದಾಗ, 1996ರಲ್ಲಿ ಸುಪ್ರೀಂ ಕೋರ್ಟು ಶಾಲೆಯ ಪರವಾಗಿಯೇ ನಿಂತಿತು.

ಹೊಡೆತಕ್ಕಿಂತ ಮಕ್ಕಳಿಗೆ ಹೆಚ್ಚು ನೋಯುವುದು ಸಾಲಿನಿಂದ ಹೊರಗೆ ನಿಲ್ಲಿಸುವುದು. ಗುಂಪೇ ಎಲ್ಲವೂ ಆಗಿರುವಲ್ಲಿ ಅದು ಸಣ್ಣ ಶಿಕ್ಷೆಯಲ್ಲ.

ಈಗ ಬದಲಾಗಿದೆಯಾ?

ಬಹಳಷ್ಟು. ಹಬಿಕಿನೊ ಪ್ರಕರಣದ ಬೆನ್ನಿಗೇ ಇಂಥ ನಿಯಮಗಳ ವಿರುದ್ಧ ಸಹಿ ಸಂಗ್ರಹ ನಡೆದು, 2019ರಲ್ಲಿ 60 ಸಾವಿರಕ್ಕೂ ಹೆಚ್ಚು ಸಹಿಗಳು ಶಿಕ್ಷಣ ಸಚಿವಾಲಯ ತಲುಪಿದವು. 2021ರ ಜೂನ್‌ನಲ್ಲಿ ಸಚಿವಾಲಯ, ಕಾಲಕ್ಕೆ ತಕ್ಕಂತೆ ನಿಯಮ ಪರಿಶೀಲಿಸಿ ಎಂದು ಎಲ್ಲ ಶಿಕ್ಷಣ ಮಂಡಳಿಗಳಿಗೆ ಬರೆಯಿತು. 2022ರ ಏಪ್ರಿಲ್‌ನಿಂದ ಟೋಕಿಯೋ ತನ್ನ ಸರ್ಕಾರಿ ಹೈಸ್ಕೂಲುಗಳಲ್ಲಿ ಐದು ಪದ್ಧತಿಗಳನ್ನು ಕೈಬಿಟ್ಟಿತು. ಎಲ್ಲರೂ ಕಪ್ಪು ಕೂದಲಲ್ಲೇ ಇರಬೇಕು, ಟೂ ಬ್ಲಾಕ್ ಕೂಡದು, ಒಳಉಡುಪು ಇಂಥ ಬಣ್ಣದ್ದೇ ಆಗಬೇಕು, ತಪ್ಪಿಗೆ ಮನೆಯಲ್ಲೇ ಕೂತಿರಬೇಕು, "ಹೈಸ್ಕೂಲು ಮಕ್ಕಳಿಗೆ ಒಪ್ಪುವಂತೆ ಇರಿ" ಎಂಬ ಅರ್ಥವಾಗದ ಒಕ್ಕಣೆ, ಇವು ಆ ಐದು. ನನ್ನ ಮಟ್ಟಿಗೆ ಕೊನೆಯದೇ ದೊಡ್ಡ ಗೆಲುವು. ಉಳಿದ ನಾಲ್ಕನ್ನು ಓದಿದರೆ ಏನು ಮಾಡಬಾರದು ಎಂದಾದರೂ ತಿಳಿಯುತ್ತಿತ್ತು. ಇದರ ಅರ್ಥ ಅವತ್ತು ಗೇಟಿನಲ್ಲಿ ನಿಂತ ಶಿಕ್ಷಕರ ತಲೆಯೊಳಗೆ ಮಾತ್ರ ಇತ್ತು. ಕೂದಲಿನ ಸರ್ಟಿಫಿಕೇಟ್ ಪೂರ್ತಿ ಮಾಯವಾಗಲಿಲ್ಲ. ಇಷ್ಟವಿದ್ದವರು ಕೊಡಬಹುದು ಎಂದು ಕೆಲವು ಶಾಲೆಗಳು ಇಟ್ಟುಕೊಂಡವು.

ಅದೇ ವರ್ಷದ ಡಿಸೆಂಬರಿನಲ್ಲಿ ಸಚಿವಾಲಯ ಶಿಕ್ಷಕರ ಮಾರ್ಗದರ್ಶಿಯನ್ನು 12 ವರ್ಷಗಳ ಬಳಿಕ ಪರಿಷ್ಕರಿಸಿ, ನಿಯಮಗಳನ್ನು ಶಾಲೆಯ ವೆಬ್‌ಸೈಟಿನಲ್ಲಿ ಹಾಕಿ, ಮಕ್ಕಳ ಮಾತು ಕೇಳಿ, ಕಾರಣ ಹೇಳಲಾಗದ ನಿಯಮವನ್ನು ಮತ್ತೆ ಯೋಚಿಸಿ ಎಂದಿತು.

ಇದಕ್ಕೂ ಮೊದಲೇ ಟೋಕಿಯೋದ ಸೆತಗಾಯಾದಲ್ಲಿ ಸಕುರಗಾವೊಕಾ ಎಂಬ ಮಾಮೂಲಿ ಸರ್ಕಾರಿ ಮಿಡ್ಲ್ ಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಸೈಗೊ ತಕಾಹಿಕೊ ನಿಯಮಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ ಕೊನೆಗೆ ಪೂರ್ತಿ ತೆಗೆದುಹಾಕಿದ್ದರು. ಮುಖ್ಯೋಪಾಧ್ಯಾಯರದೇ ಕೊನೆಯ ಮಾತು ಎಂದು ಮೇಲೆ ಬರೆದೆನಲ್ಲ, ಅದರ ಒಳ್ಳೆಯ ಮುಖ ಇದು. ಕೆಟ್ಟ ಮುಖವೂ ಇದೆ: ಮುಖ್ಯೋಪಾಧ್ಯಾಯರು ಬದಲಾದರೆ ಗಾಳಿಯೂ ಬದಲಾಗಬಹುದು.

ನಮ್ಮಲ್ಲಿ 2022ರಲ್ಲಿ ನಡೆದ ಹಿಜಾಬ್ ವಿವಾದಕ್ಕೂ ಇದಕ್ಕೂ ಹೋಲಿಕೆ ಇದೆಯಾ?

ಮೇಲ್ನೋಟಕ್ಕೆ ಇದೆ, ಸಮವಸ್ತ್ರವೂ ಇದೆ, ಕೋರ್ಟೂ ಇದೆ. ಆದರೆ ಕರ್ನಾಟಕದ್ದು ಧಾರ್ಮಿಕ ಆಚರಣೆಯ ಪ್ರಶ್ನೆ. ರಾಜ್ಯ ಸರ್ಕಾರದ ಆದೇಶ, ಹೈಕೋರ್ಟಿನ ತೀರ್ಪು, ಆಮೇಲೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ನಾನು ಮೇಲೆ ಬರೆದ ಜಪಾನಿನ ಪ್ರಕರಣಗಳಲ್ಲಿ ಧರ್ಮ ಬಂದೇ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎರಡೂ ಅರ್ಥವಾಗುವುದಿಲ್ಲ.

ಕಿವಿಯೋಲೆ, ಕುಂಕುಮ, ಮೆಹಂದಿ, ಜನಿವಾರ, ತಲೆಗೆ ಎಣ್ಣೆ: ನಮ್ಮ ಮಕ್ಕಳು ಏನು ಮಾಡಬೇಕು?

ಕಿವಿಯಿಂದ ಶುರುಮಾಡೋಣ, ಎಲ್ಲರೂ ಸಿಕ್ಕಿಬೀಳುವುದು ಅಲ್ಲೇ. ನಮ್ಮಲ್ಲಿ ವರ್ಷ ತುಂಬುವ ಮೊದಲೇ ಕಿವಿ ಚುಚ್ಚಿಸುತ್ತೇವೆ. ಅಲ್ಲಿ ಮಿಡ್ಲ್ ಸ್ಕೂಲಿನ ಮಗು ಕಿವಿ ಚುಚ್ಚಿಸಿಕೊಂಡಿದೆ ಎಂದರೆ ದಾರಿ ತಪ್ಪಿದೆ ಎಂದು ತಿಳಿಯುವ ವಾಡಿಕೆ. ತೂತಿನ ಬಗ್ಗೆ ಸಾಮಾನ್ಯವಾಗಿ ತಕರಾರಿಲ್ಲ, ಶಿಶುವಾಗಿದ್ದಾಗ ಮಾಡಿಸಿದ ಸಂಸ್ಕಾರ ಎಂದು ಮೊದಲ ಭೇಟಿಯಲ್ಲೇ ಹೇಳಿದರೆ ಸಾಕು. ಓಲೆ ಹಾಕಿಕೊಂಡು ಹೋಗಬಹುದೇ ಎನ್ನುವುದು ಶಾಲೆಯಿಂದ ಶಾಲೆಗೆ ಬೇರೆ. ಕೆಲವರು ಒಪ್ಪುತ್ತಾರೆ, ಕೆಲವರು ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿ ಹಾಕಿ ಎನ್ನುತ್ತಾರೆ, ಕೆಲವರು ಆಟದ ಪೀರಿಯಡ್ಡಿನಲ್ಲಿ ತೆಗೆಯಿರಿ ಎನ್ನುತ್ತಾರೆ. ಚಿನ್ನದ್ದಂತೂ ಕಳಿಸಬೇಡಿ, ಅದಕ್ಕೆ ಜಪಾನು ಕಾರಣವಲ್ಲ, ಯಾವ ಊರಿನ ಶಾಲೆಗೂ ಬೇಡ. ಅಜ್ಜಿ ಫೋನಿನಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ, ಭಾನುವಾರ ವಿಡಿಯೋ ಕಾಲಿಗೆ ಓಲೆ ಹಾಕಿಸಿ ಕೂರಿಸಿ.

ಮೆಹಂದಿಯದು ಬೇರೆ ತೊಡಕು. ಅಲ್ಲಿ ಹಚ್ಚೆ ಎಂದರೆ ಯಾಕುಜಾ ಗ್ಯಾಂಗಿನ ನೆನಪು. ಎಷ್ಟೋ ಬಿಸಿನೀರಿನ ಸ್ನಾನಗೃಹಗಳಲ್ಲಿ ಹಚ್ಚೆಯಿದ್ದವರಿಗೆ ಪ್ರವೇಶವೇ ಇಲ್ಲ. ಮೆಹಂದಿ ಹತ್ತು ಹದಿನೈದು ದಿನದಲ್ಲಿ ಹೋಗುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಜುಲೈ ಕೊನೆಯ ಹೊತ್ತಿಗೆ ಶುರುವಾಗಿ ಆಗಸ್ಟಿನ ಬಹುಭಾಗ ಬೇಸಿಗೆ ರಜೆ. ಹೆಚ್ಚಿನ ವರ್ಷಗಳಲ್ಲಿ ವರಮಹಾಲಕ್ಷ್ಮಿ ಹಬ್ಬ ಅದರೊಳಗೇ ಬೀಳುತ್ತದೆ, ಮನಸಾರೆ ಹಚ್ಚಿಕೊಳ್ಳಲಿ. ದೀಪಾವಳಿ ಶಾಲೆಯ ನಡುವೆ ಬರುತ್ತದೆ. ಆಗ ಮೊದಲೇ ಒಂದು ಚೀಟಿ ಬರೆದುಕೊಡಿ.

ಕುಂಕುಮ, ಬಿಂದಿ ನಿಯಮಪುಸ್ತಕದಲ್ಲಿ ಇರುವುದಿಲ್ಲ, ಹಾಗಾಗಿ ಕೇಳಿಯೇ ತಿಳಿಯಬೇಕು. ಮಗುವಿಗೇ ದಿನಾ ಉತ್ತರ ಹೇಳಿ ಹೇಳಿ ಸಾಕಾಗಿದ್ದರೆ ಅದರ ಮಾತನ್ನೂ ಕೇಳಿ. ಕೈಗೆ ಕಟ್ಟಿದ ದೇವಸ್ಥಾನದ ದಾರ ಒಡವೆಯ ಲೆಕ್ಕಕ್ಕೆ ಬೀಳುವುದುಂಟು. ಜನಿವಾರ ಅಂಗಿಯೊಳಗಿರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಈಜಿನ ಪೀರಿಯಡ್ಡು ಬಂದಾಗ ಗೊತ್ತಾಗುತ್ತದೆ. ಮುಂಚೆಯೇ ಹೇಳಿಟ್ಟರೆ ಅದು ಧಾರ್ಮಿಕ ಸಂಗತಿ, ಹೇಳದಿದ್ದರೆ ಶಿಸ್ತಿನ ಸಂಗತಿ. ವ್ಯತ್ಯಾಸ ಇಷ್ಟೇ, ಆದರೆ ಮಗುವಿನ ಪಾಲಿಗೆ ದೊಡ್ಡದು.

ಎಣ್ಣೆಗೆ ಯಾವ ನಿಯಮವೂ ಇಲ್ಲ. ಆದರೆ ಸುವಾಸನೆ ಎನ್ನುವುದು ಅಲ್ಲಿ ಬಹಳ ಸೂಕ್ಷ್ಮ ವಿಷಯ, ಪಕ್ಕದ ಬೆಂಚಿನವರು ಬಾಯಿಬಿಟ್ಟು ಹೇಳುವುದೂ ಇಲ್ಲ. ಶುಕ್ರವಾರ ರಾತ್ರಿ ಹಚ್ಚಿ ಭಾನುವಾರ ತಲೆಸ್ನಾನ ಮಾಡಿಸಿದರೆ ಎಲ್ಲರಿಗೂ ನೆಮ್ಮದಿ. ಇನ್ನು ಎರಡು ಜಡೆ ಹಾಕಿ ಮಡಚಿ ರಿಬ್ಬನ್ ಕಟ್ಟುವ ನಮ್ಮ ಸರ್ಕಾರಿ ಶಾಲೆಯ ಪದ್ಧತಿ ಇದೆಯಲ್ಲ, ರಿಬ್ಬನ್ನಿನ ಬಣ್ಣವೊಂದನ್ನು ಬಿಟ್ಟರೆ ಜಪಾನಿನ ಯಾವ ಶಿಸ್ತಿನ ಶಿಕ್ಷಕರಿಗೂ ಅದು ಹಿಡಿಸೀತು.

ಹುಡುಗಿಯರು ಪ್ಯಾಂಟ್ ಹಾಕಬಹುದಾ?

ಈಗ ಬಹಳ ಕಡೆ ಹಾಕಬಹುದು. ಟೋಕಿಯೋದ ನಾಕಾನೊ ವಾರ್ಡು 2019ರಿಂದ ತನ್ನ ಮಿಡ್ಲ್ ಸ್ಕೂಲುಗಳಲ್ಲಿ ಆಯ್ಕೆ ಕೊಟ್ಟಿತು, ನಂತರ ಉಳಿದ ಊರುಗಳೂ. ಆಯ್ಕೆ ಇದ್ದರೂ ತರಗತಿಯಲ್ಲಿ ಒಬ್ಬಳೇ ಆಗುತ್ತೇನೆ ಎಂದು ಹಿಂಜರಿಯುವವರಿದ್ದಾರೆ.

ಖರ್ಚು ಎಷ್ಟಾಗುತ್ತದೆ?

ಮಿಡ್ಲ್ ಸ್ಕೂಲಿನ ಸಮವಸ್ತ್ರಕ್ಕೇ 30 ಸಾವಿರ ಯೆನ್ ಆಸುಪಾಸು ಹಿಡಿಯಿರಿ. ಆಟದ ಬಟ್ಟೆ, ಬೂಟು, ಚೀಲ ಬೇರೆ. 2018ರಲ್ಲಿ ಟೋಕಿಯೋದ ಗಿಂಜಾದಲ್ಲಿ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ಅರ್ಮಾನಿ ಕಂಪನಿಯ ವಿನ್ಯಾಸ ತರಿಸಿ, ಪೂರ್ತಿ ಸೆಟ್ಟು 80 ಸಾವಿರ ಯೆನ್ ದಾಟಿ ದೊಡ್ಡ ಗಲಾಟೆಯಾಯಿತು. ನಿಮಗೆ ಆ ಭಯ ಬೇಡ. ದೊಡ್ಡ ಮಕ್ಕಳಿಗೆ ಗಿಡ್ಡವಾದ ಬಟ್ಟೆಯನ್ನು ಪಾಲಕರ ಸಂಘ ಕಡಿಮೆ ಬೆಲೆಗೆ ಕೊಡಿಸುವ ವ್ಯವಸ್ಥೆ ಅನೇಕ ಶಾಲೆಗಳಲ್ಲಿದೆ, ನಾಚದೆ ಕೇಳಿ. ಆದಾಯ ಕಡಿಮೆಯಿದ್ದವರಿಗೆ ನಗರಸಭೆಯ ನೆರವೂ ಇದೆ, ವಿದೇಶಿಯರೂ ಅರ್ಜಿ ಹಾಕಬಹುದು.

ಸೇರಿಸುವ ಮೊದಲು ನಿಯಮಗಳನ್ನು ತಿಳಿಯುವುದು ಹೇಗೆ? ಯಾರನ್ನು ಕೇಳಬೇಕು?

ವಿದೇಶಿ ಮಕ್ಕಳಿಗೆ ಅಲ್ಲಿ ಕಡ್ಡಾಯ ಶಿಕ್ಷಣ ಇಲ್ಲ, ಆದರೆ ಬೇಕೆಂದು ಕೇಳಿದರೆ ಸರ್ಕಾರಿ ಪ್ರಾಥಮಿಕ ಮತ್ತು ಮಿಡ್ಲ್ ಸ್ಕೂಲಿಗೆ ಉಚಿತವಾಗಿ ಸೇರಿಸಿಕೊಳ್ಳುತ್ತಾರೆ. ನಗರಸಭೆಯ ಶಿಕ್ಷಣ ವಿಭಾಗದಲ್ಲಿ ಅರ್ಜಿ ಕೊಡುವಾಗಲೇ ಶಾಲೆಯ ಹೆಸರು ತಿಳಿಯುತ್ತದೆ. ಮೊದಲು ಶಾಲೆಯ ವೆಬ್‌ಸೈಟ್ ನೋಡಿ, ಈಗ ಹಲವು ಶಾಲೆಗಳು ನಿಯಮಗಳನ್ನು ಅಲ್ಲೇ ಹಾಕಿವೆ. ಸಿಗದಿದ್ದರೆ ಏಪ್ರಿಲ್‌ಗೆ ಮುಂಚೆ ನಡೆಯುವ ಮಾಹಿತಿ ಸಭೆಯಲ್ಲಿ ಕೇಳಿ ಪಡೆಯಿರಿ, ಬಟ್ಟೆ ಕೊಳ್ಳುವುದು ಅದಾದ ಮೇಲೆ.

ಮಾತನಾಡುವುದು ಕ್ಲಾಸ್ ಟೀಚರ ಹತ್ತಿರ, ಅವರಿಂದ ಮುಂದಕ್ಕೆ. ಮುಖ್ಯೋಪಾಧ್ಯಾಯರ ಬಾಗಿಲನ್ನೇ ನೇರ ತಟ್ಟಿದರೆ ಕ್ಲಾಸ್ ಟೀಚರಿಗೆ ಮುಖಭಂಗ, ನಾಳೆಯಿಂದ ನಿಮ್ಮ ಮಗು ಇರುವುದು ಅವರ ಕೈಯಲ್ಲೇ. "ಇದು ನಮ್ಮ ಹಕ್ಕು" ಎಂದು ಶುರುಮಾಡುವುದಕ್ಕಿಂತ "ಇದನ್ನು ಹೇಗೆ ಮಾಡೋಣ?" ಎಂದು ಕೇಳಿದರೆ ಬೇಗ ಕೆಲಸವಾಗುತ್ತದೆ. ಹಾಗೆಂದು ಹಕ್ಕು ಇಲ್ಲವೆಂದಲ್ಲ: ಜಪಾನು 1994ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿದೆ, ಮಕ್ಕಳ ಅಭಿಪ್ರಾಯ ಕೇಳಬೇಕು ಎನ್ನುವ ಕಾಯ್ದೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಶಾಲೆ ಒಪ್ಪದಿದ್ದರೆ ನಗರದ ಶಿಕ್ಷಣ ಮಂಡಳಿ, ಅಲ್ಲೂ ಆಗದಿದ್ದರೆ ವಕೀಲರ ಸಂಘಗಳು ನಡೆಸುವ ಮಕ್ಕಳ ಹಕ್ಕಿನ ಸಲಹಾ ದೂರವಾಣಿ ಇವೆ.

ಒಪ್ಪಿಗೆ ಸಿಕ್ಕರೆ ಅದನ್ನು ಬರಹದಲ್ಲಿ ಪಡೆಯಿರಿ. ಕ್ಲಾಸ್ ಟೀಚರೊಂದಿಗೆ ಓಡಾಡುವ ಸಂಪರ್ಕ ಪುಸ್ತಕದಲ್ಲಿ ಒಂದು ಸಾಲು ಇದ್ದರೂ ಸಾಕು. ಮುಂದಿನ ಏಪ್ರಿಲ್‌ನಲ್ಲಿ ಕ್ಲಾಸ್ ಟೀಚರು ಬದಲಾಗುತ್ತಾರೆ, ಹೊಸಬರಿಗೆ ಆ ಪುಟ ತೋರಿಸಿ.